ಅಗ್ಗದ ಊರಿನಲ್ಲಿ ಸಂಸಾರದ ಲೆಕ್ಕ

ಬೆಂಗಳೂರಿನಲ್ಲಿ ನೌಕರಿ ಮಾಡುವ ಮಕ್ಕಳು ಹಬ್ಬಕ್ಕೋ ಜಾತ್ರೆಗೋ ಊರಿಗೆ ಬಂದಾಗ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. "ನೀವು ಇಲ್ಲಿ ಆರಾಮ ಇದ್ದೀರಿ ಬಿಡ್ರಿ. ನಾವು ಅಲ್ಲಿ ಬಾಡಿಗಿಗೆ ಕೊಡೋ ರೊಕ್ಕದಾಗ ಇಲ್ಲಿ ಒಂದು ಸಂಸಾರ ನಡೀತೈತಿ" ಎಂಬುದೇ ಆ ಮಾತು. ಹಿರಿಯರು ತಲೆದೂಗುತ್ತಾರೆ. ಒಳಗೆ ರೊಟ್ಟಿ ಬಡಿಯುತ್ತಿರುವ ತಾಯಿ ಮಾತ್ರ ಏನೂ ಹೇಳುವುದಿಲ್ಲ. ತಿಂಗಳ ಇಪ್ಪತ್ತನೆಯ ತಾರೀಖು ದಾಟಿದ ಮೇಲೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಎಷ್ಟು ಪುಟ ತುಂಬಿದೆ ಎಂಬುದು ಆಕೆಗೆ ಗೊತ್ತು.

ನಮ್ಮದು ಅಗ್ಗದ ಊರೆಂಬ ಈ ನಂಬಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ಸದ್ಗೃಹಸ್ಥರ ಮುಂದಿಟ್ಟು ವಿಚಾರಿಸಬೇಕೆಂಬುದು ಈ ಬರಹದ ಉದ್ದೇಶ. ಹುಬ್ಬಳ್ಳಿ ಮತ್ತು ಧಾರವಾಡಗಳು ಒಂದೇ ಮಹಾನಗರ ಪಾಲಿಕೆಯ ಅಡಿಯಲ್ಲಿ ಬಂದುದು 1962ರಲ್ಲಿ. 2011ರ ಜನಗಣತಿಯ ಪ್ರಕಾರ ಅವಳಿ ನಗರದ ಜನಸಂಖ್ಯೆ 9 ಲಕ್ಷ 43 ಸಾವಿರವನ್ನು ಮೀರಿತ್ತು. ಒಂದು ಕಡೆ ರೈಲ್ವೆಯ ವಲಯ ಕಚೇರಿ, ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ, ಅಮರಗೋಳದ ಕೃಷಿ ಮಾರುಕಟ್ಟೆ. ಇನ್ನೊಂದು ಕಡೆ ವಿಶ್ವವಿದ್ಯಾಲಯಗಳು, ಉಚ್ಚ ನ್ಯಾಯಾಲಯದ ಪೀಠ. ನೌಕರದಾರರು, ಸಣ್ಣ ವ್ಯಾಪಾರಸ್ಥರು, ಪಿಂಚಣಿದಾರರು, ಓದಲು ಬಂದ ಹಳ್ಳಿಯ ಹುಡುಗರು, ಇವರಿಂದ ತುಂಬಿದ ಊರು ಇದು. ಬಹಳ ದೊಡ್ಡದಲ್ಲ, ಚಿಕ್ಕದಂತೂ ಅಲ್ಲ.

ಇಂಥ ಮಧ್ಯಮ ಗಾತ್ರದ ನಗರದಲ್ಲಿ ಬಾಳುವೆಗೆ ಎಷ್ಟು ಬೇಕೆಂಬುದಕ್ಕೆ ಕೇಂದ್ರ ಸರ್ಕಾರದ ಬಳಿ ಅದರದೇ ಒಂದು ಅಳತೆಗೋಲಿದೆ. ತನ್ನ ನೌಕರರಿಗೆ ಮನೆಬಾಡಿಗೆ ಭತ್ಯೆ ಕೊಡುವುದಕ್ಕಾಗಿ ಅದು ಊರುಗಳನ್ನು ಮೂರು ವರ್ಗ ಮಾಡಿದೆ. ಬೆಂಗಳೂರು ಮೊದಲನೆಯ ವರ್ಗಕ್ಕೆ ಸೇರಿದ್ದು. ಹುಬ್ಬಳ್ಳಿ-ಧಾರವಾಡ, ಮೈಸೂರು, ಮಂಗಳೂರು, ಬೆಳಗಾವಿ, ಕಲಬುರ್ಗಿಗಳು ಎರಡನೆಯ ವರ್ಗಕ್ಕೆ ಸೇರಿದವು. 2024ರ ಜನವರಿಯಲ್ಲಿ ತುಟ್ಟಿಭತ್ಯೆ ಶೇಕಡಾ 50ನ್ನು ಮುಟ್ಟಿದಾಗ ಮೊದಲ ವರ್ಗದ ಊರುಗಳಲ್ಲಿ ಭತ್ಯೆ ಮೂಲವೇತನದ ಶೇಕಡಾ 30 ಆಯಿತು, ಎರಡನೆಯ ವರ್ಗದಲ್ಲಿ ಶೇಕಡಾ 20. ನಲವತ್ತು ಸಾವಿರ ರೂಪಾಯಿ ಮೂಲವೇತನವಿರುವ ಗುಮಾಸ್ತನೊಬ್ಬ ಬೆಂಗಳೂರಿನಿಂದ ಹುಬ್ಬಳ್ಳಿಗೆ ವರ್ಗವಾಗಿ ಬಂದರೆ ಅವನ ಭತ್ಯೆ 12,000ದಿಂದ 8,000ಕ್ಕೆ ಇಳಿಯುತ್ತದೆ. ಸರ್ಕಾರದ ದೃಷ್ಟಿಯಲ್ಲಿ ಎರಡು ಊರುಗಳ ಅಂತರ ಈ ನಾಲ್ಕು ಸಾವಿರ ರೂಪಾಯಿ. ಅದೂ ಬಾಡಿಗೆಯ ಲೆಕ್ಕದಲ್ಲಿ ಮಾತ್ರ.

ಸರ್ಕಾರ ಇಲ್ಲಿ ತಪ್ಪಿದೆಯೆಂದು ನಾನು ಹೇಳುತ್ತಿಲ್ಲ. ವಸ್ತುತಃ ಅಗ್ಗವಾದದ್ದು ಬಾಡಿಗೆಯೊಂದೇ. ಅದರ ಜೊತೆಗೆ ಬೇಕಾದರೆ ದಾರಿಯಲ್ಲಿ ಕಳೆಯುವ ಹೊತ್ತನ್ನೂ ಸೇರಿಸಬಹುದು. ಉಳಿದದ್ದೆಲ್ಲ ಎಲ್ಲ ಊರಿಗೂ ಒಂದೇ ದರ. ಅಡುಗೆ ಅನಿಲದ ಸಿಲಿಂಡರು ಹುಬ್ಬಳ್ಳಿಯೆಂದು ರಿಯಾಯಿತಿಯಲ್ಲಿ ಬರುವುದಿಲ್ಲ. ರಕ್ತದೊತ್ತಡದ ಗುಳಿಗೆಗೆ ಜಯನಗರದಲ್ಲಿಯೂ ಕೇಶ್ವಾಪುರದಲ್ಲಿಯೂ ಪೊಟ್ಟಣದ ಮೇಲೆ ಮುದ್ರಿತವಾದ ಬೆಲೆ ಒಂದೇ. ಮೊಬೈಲಿನ ರೀಚಾರ್ಜು, ಸಾಬೂನು, ಶಾಲೆಯ ಪುಸ್ತಕ, ಬಂಗಾರ, ಯಾವುದಕ್ಕೂ ಊರಿನ ಭೇದವಿಲ್ಲ. ಹಾಲನ್ನೇ ತೆಗೆದುಕೊಳ್ಳೋಣ. 2023ರ ಜುಲೈವರೆಗೆ ಲೀಟರಿಗೆ 39 ರೂಪಾಯಿ ಇದ್ದ ನಂದಿನಿ ಟೋನ್ಡ್ ಹಾಲು ಆಗಸ್ಟಿನಲ್ಲಿ 42 ಆಯಿತು, 2025ರ ಏಪ್ರಿಲ್‌ನಲ್ಲಿ 46 ಆಯಿತು. ದಿನಕ್ಕೆ ಒಂದೂವರೆ ಲೀಟರು ಕೊಳ್ಳುವ ಮನೆ ತಿಂಗಳಿಗೆ 45 ಲೀಟರು ಕೊಳ್ಳುತ್ತದೆ. ಎರಡು ವರ್ಷ ತುಂಬುವುದರೊಳಗೆ ಹಾಲೊಂದರ ಬಾಬತ್ತಿನಲ್ಲಿಯೇ ತಿಂಗಳಿಗೆ 315 ರೂಪಾಯಿ ಏರಿ ಒಟ್ಟು 2,070 ರೂಪಾಯಿ ಆಯಿತು. ಹಾಲು ಹಾಕುವ ರೈತನಿಗೆ ಬೆಲೆ ಬರಬೇಕಾದದ್ದು ನ್ಯಾಯ. ಅವನೂ ನಮ್ಮವನೇ. ಆದರೆ ಕೊಳ್ಳುವವನ ಪಗಾರ ಈ ಊರಿನಲ್ಲಿ ಬೆಂಗಳೂರಿನ ಪಗಾರವಲ್ಲ ಎಂಬುದನ್ನು ಮರೆಯಬಾರದು. ತಾರಿಹಾಳದ ಕಾರ್ಖಾನೆಯಲ್ಲಿ, ದುರ್ಗದಬೈಲಿನ ಅಂಗಡಿಯಲ್ಲಿ ದುಡಿಯುವವನ ಕೈಗೆ ಬರುವುದು ಮಧ್ಯಮ ಊರಿನ ಸಂಬಳ. ಅವನು ತೆರುವುದು ಮಹಾನಗರದ ಬೆಲೆ.

ಹಾಗಾದರೆ ಇಷ್ಟು ದಿನ ಈ ಊರಿನಲ್ಲಿ ಸಣ್ಣ ಸಂಬಳದವರ ಸಂಸಾರಗಳು ಹೇಗೆ ನಡೆದವು? ನಾನು ಬಹಳ ಕಾಲದಿಂದ ಗಮನಿಸಿದ ಪ್ರಕಾರ ಇಲ್ಲಿಯ ಅಗ್ಗತನಕ್ಕೆ ಬೆಲೆಪಟ್ಟಿಯಲ್ಲಿ ಕಾಣದ ಆಸರೆಗಳಿದ್ದವು. ಹಳ್ಳಿಯಿಂದ ಬರುತ್ತಿದ್ದ ಕಾಳುಕಡಿ ಒಂದು. ಹಿರಿಯರು ಕಟ್ಟಿಸಿದ ಮನೆ ಮತ್ತು ಅದರಲ್ಲಿ ಕೂಡಿ ಬಾಳುವ ಕುಟುಂಬ ಇನ್ನೊಂದು. ಸರ್ಕಾರಿ ಶಾಲೆ, ಸರ್ಕಾರಿ ಆಸ್ಪತ್ರೆ, ಮಠಗಳ ಉಚಿತ ಪ್ರಸಾದನಿಲಯ ಮತ್ತೊಂದು. ಇವುಗಳಿಗೆ ಯಾರೂ ರಸೀದಿ ಕೊಡುತ್ತಿರಲಿಲ್ಲವಾದ್ದರಿಂದ ಯಾರೂ ಲೆಕ್ಕ ಬರೆಯುತ್ತಿರಲಿಲ್ಲ. ಈಗ ಒಂದೊಂದಾಗಿ ಆ ಆಸರೆಗಳು ಸರಿಯುತ್ತಿವೆ. ಸರಿದ ಪ್ರತಿಯೊಂದರ ಜಾಗದಲ್ಲಿ ಒಂದೊಂದು ಬಿಲ್ಲು ಬಂದು ಕುಳಿತಿದೆ.

ಮೊದಲು ಕಾಳಿನ ಮಾತು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಕಡೆ ನಾಲ್ಕೆಕರೆ ಹೊಲವಿದ್ದ ಮನೆತನಗಳಿಗೆ ಸುಗ್ಗಿ ಮುಗಿದೊಡನೆ ವರ್ಷದ ಜೋಳ, ಕಡಲೆ, ಹೆಸರು, ಒಣಮೆಣಸಿನಕಾಯಿ ಮನೆಬಾಗಿಲಿಗೆ ಬರುತ್ತಿದ್ದವು. ಅಣ್ಣ ಊರಿನಲ್ಲಿ ಒಕ್ಕಲುತನ ಮಾಡುತ್ತಿದ್ದ, ತಮ್ಮ ಹುಬ್ಬಳ್ಳಿಯಲ್ಲಿ ನೌಕರಿ ಮಾಡುತ್ತಿದ್ದ. ಅಣ್ಣನ ಮಕ್ಕಳು ತಮ್ಮನ ಮನೆಯಲ್ಲಿದ್ದು ಕಾಲೇಜು ಕಲಿಯುತ್ತಿದ್ದರು. ಚೀಲ ಜೋಳಕ್ಕೆ ಪ್ರತಿಯಾಗಿ ಎರಡು ಮಕ್ಕಳ ಊಟ, ವಸತಿ. ಲೆಕ್ಕ ಸರಿಹೋಗುತ್ತಿತ್ತು, ಲೆಕ್ಕವೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಈಗ ಹೊಲ ಪಾಲಾಗಿದೆ, ಇಲ್ಲವೆ ಲಾವಣಿಗೆ ಹೋಗಿದೆ. ಎಷ್ಟೋ ಕಡೆ ಜೋಳದ ಜಾಗದಲ್ಲಿ ಗೋವಿನಜೋಳ ಬಂದಿದೆ. ನಗರದ ಮನೆ ಜೋಳವನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಿದೆ.

ಆ ಜೋಳದ ಬೆಲೆಯನ್ನೂ ನೋಡಬೇಕು. ಮಾಲದಂಡಿ ಜೋಳಕ್ಕೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ಬೆಂಬಲ ಬೆಲೆ 2014-15ರಲ್ಲಿ ಕ್ವಿಂಟಲಿಗೆ 1,550 ರೂಪಾಯಿ ಇತ್ತು. 2025-26ಕ್ಕೆ ಅದು 3,749 ರೂಪಾಯಿ. ಪಡಿತರದ ಅಂಗಡಿಯಲ್ಲಿ ಆದ್ಯತಾ ಚೀಟಿಯವರಿಗೆ ಮುಖ್ಯವಾಗಿ ದೊರೆಯುವುದು ಅಕ್ಕಿ, ಅದು ಉಚಿತ. ಇದರ ಪರಿಣಾಮವನ್ನು ಯಾರ ಮನೆಯ ತಾಟಿನಲ್ಲಿ ಬೇಕಾದರೂ ಕಾಣಬಹುದು. ನಮ್ಮ ಭಾಗದಲ್ಲಿ ಒಂದು ಕಾಲಕ್ಕೆ ಅನ್ನ ಹಬ್ಬದ ಊಟ, ರೊಟ್ಟಿ ದಿನದ ಊಟ. ಇಂದು ಬಡವರ ಮನೆಯಲ್ಲಿ ಅನ್ನ ದಿನದ ಊಟವಾಗಿ, ರೊಟ್ಟಿ ಅನುಕೂಲಸ್ಥರ ಊಟವಾಗಿದೆ. ಮಧುಮೇಹಕ್ಕೆ ವೈದ್ಯರು ರೊಟ್ಟಿ ತಿನ್ನಿರೆಂದು ಬರೆದುಕೊಡುತ್ತಾರೆ, ಅದೇ ರೊಟ್ಟಿಯನ್ನು ಖಾನಾವಳಿಯಿಂದಲೋ ರೊಟ್ಟಿ ಮಾರುವ ಅವ್ವನಿಂದಲೋ ಎಣಿಸಿ ತರಬೇಕಾಗಿದೆ. ಮನೆಯಲ್ಲಿ ಬಡಿಯಲು ಸೊಸೆಗೆ ಹೊತ್ತಿಲ್ಲ. ಆಕೆಯೂ ದುಡಿಯಲು ಹೊರಗೆ ಹೋಗಬೇಕು. ಈ ಮಾತನ್ನು ನಾನು ಸೊಸೆಯಂದಿರ ಮೇಲಿನ ದೂರಾಗಿ ಹೇಳುತ್ತಿಲ್ಲ. ಎರಡು ಸಂಬಳವಿಲ್ಲದೆ ಸಂಸಾರ ಸಾಗದಿರುವಾಗ ರೊಟ್ಟಿಯ ಖರ್ಚು ಆ ಎರಡನೆಯ ಸಂಬಳದ ಖರ್ಚೇ ಆಗಿರುತ್ತದೆ.

ಇಷ್ಟಾದರೂ ಕಾಳಿನ ಬೆಲೆಯೇ ಸಂಸಾರವನ್ನು ಮುಳುಗಿಸುತ್ತಿದೆಯೆಂದು ತಿಳಿಯಬಾರದು. ಕೇಂದ್ರದ ಅಂಕಿಸಂಖ್ಯಾ ಇಲಾಖೆ 2022-23ರಲ್ಲಿ ನಡೆಸಿದ ಕುಟುಂಬ ವೆಚ್ಚದ ಸಮೀಕ್ಷೆಯಲ್ಲಿ ದೇಶದ ನಗರವಾಸಿಗಳ ಒಟ್ಟು ವೆಚ್ಚದೊಳಗೆ ಧಾನ್ಯಗಳ ಪಾಲು ಶೇಕಡಾ 3.64 ಮಾತ್ರ. ಪಾನೀಯ, ತಿಂಡಿ, ಸಿದ್ಧ ಆಹಾರಗಳ ಪಾಲು ಶೇಕಡಾ 10.64. ಮನೆಯ ಡಬ್ಬಿಯಲ್ಲಿರುವ ಧಾನ್ಯಕ್ಕಿಂತ ಸುಮಾರು ಮೂರು ಪಟ್ಟು ಹಣವನ್ನು ನಾವು ಹೊರಗಿನ ಚಹಾ, ಪ್ಯಾಕೆಟ್ಟಿನ ತಿನಿಸು, ಹೋಟೆಲಿನ ತಿಂಡಿಗೆ ಕೊಡುತ್ತಿದ್ದೇವೆ. ಕಾರ್ಮಿಕರ ತುಟ್ಟಿಭತ್ಯೆಗೆ ಆಧಾರವಾದ ಬೆಲೆ ಸೂಚ್ಯಂಕವನ್ನು 2020ರಲ್ಲಿ ಪರಿಷ್ಕರಿಸಿದಾಗಲೂ ಇದೇ ದಿಕ್ಕು ಕಂಡಿತು. 2001ನ್ನು ಆಧಾರ ವರ್ಷವಾಗಿ ಇಟ್ಟುಕೊಂಡ ಹಳೆಯ ಸೂಚ್ಯಂಕದಲ್ಲಿ ಆಹಾರದ ತೂಕ ಶೇಕಡಾ 46ರಷ್ಟಿತ್ತು, 2016ರ ಆಧಾರದಲ್ಲಿ ಅದು 39ಕ್ಕೆ ಇಳಿಯಿತು. ಆರೋಗ್ಯ, ಶಿಕ್ಷಣ, ಪ್ರಯಾಣ, ದೂರವಾಣಿ ಮುಂತಾದವುಗಳೆಲ್ಲ ಸೇರಿದ 'ಇತರೆ' ಎಂಬ ಬಾಬತ್ತು 23ರಿಂದ 30ಕ್ಕೆ ಏರಿತು. ನಮ್ಮ ಹಿರಿಯರ ಖರ್ಚಿನ ವಹಿಯಲ್ಲಿ ಕೊನೆಯ ಪುಟಕ್ಕೆ ಬರುತ್ತಿದ್ದ 'ಕಿರಕೋಳ' ಖರ್ಚು ಮೇಲಿನ ಪುಟಕ್ಕೆ ಬಂದಿದೆಯೆಂದು ಇದರ ಅರ್ಥ.

ಅದೇ ಸಮೀಕ್ಷೆಯ ಮರುವರ್ಷದ ಸುತ್ತಿನಲ್ಲಿ, ಎಂದರೆ 2023-24ರಲ್ಲಿ, ಕರ್ನಾಟಕದ ನಗರಗಳಲ್ಲಿ ಒಬ್ಬ ವ್ಯಕ್ತಿಯ ತಿಂಗಳ ಸರಾಸರಿ ವೆಚ್ಚ 8,076 ರೂಪಾಯಿ ಎಂದು ಬಂದಿತು. ಐದು ಜನರ ಮನೆಗೆ ನಲವತ್ತು ಸಾವಿರ. ಬೆಂಗಳೂರನ್ನು ಒಳಗೊಂಡ ಸರಾಸರಿ ಇದಾದ್ದರಿಂದ ನಮ್ಮ ಊರಿಗೆ ಇದನ್ನು ಹಾಗೆಯೇ ಅನ್ವಯಿಸಲಾಗದು. ಆದರೂ ಐದು ಜನರಿರುವ ಓದುಗರು ತಮ್ಮ ಮನೆಯ ಲೆಕ್ಕವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬಹುದು.

ಮನೆಯ ವಿಷಯಕ್ಕೆ ಬರೋಣ. ಬಾಡಿಗೆ ಅಗ್ಗವೆಂದೆನಷ್ಟೆ. ಆದರೆ ಬಾಡಿಗೆಯ ಹಿಂದೆ ನೀರಿದೆ. ಮಲಪ್ರಭೆಯ ನೀರು ಸವದತ್ತಿಯ ಬಳಿಯ ಜಲಾಶಯದಿಂದ ಅವಳಿ ನಗರಕ್ಕೆ ಬರುತ್ತದೆ. ನಲ್ಲಿಗೆ ಬರುವುದು ಮಾತ್ರ ಎಷ್ಟೋ ಓಣಿಗಳಲ್ಲಿ ಹಲವು ದಿನಗಳಿಗೊಮ್ಮೆ. ಹೀಗಾಗಿ ಪ್ರತಿ ಮನೆಗೂ ನೆಲದಡಿಯ ತೊಟ್ಟಿ, ಮೇಲೆ ಟಾಕಿ, ನಡುವೆ ಪಂಪು, ಅದಕ್ಕೆ ವಿದ್ಯುತ್ತು, ಬೇಸಿಗೆಯಲ್ಲಿ ಟ್ಯಾಂಕರು, ಕುಡಿಯಲು ಶುದ್ಧೀಕರಣದ ಯಂತ್ರ. ಪಾಲಿಕೆಯ ನೀರಿನ ಕರ ಸಣ್ಣದಿರಬಹುದು, ನೀರನ್ನು ಹಿಡಿದಿಟ್ಟುಕೊಳ್ಳುವ ಖರ್ಚು ದೊಡ್ಡದು. ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ 2008ರಿಂದ ಕೆಲವು ವಾರ್ಡುಗಳಿಗೆ ಹಗಲಿರುಳೂ ನೀರು ಕೊಡಲಾಯಿತು. ಆ ವಾರ್ಡುಗಳನ್ನೂ ಬಿಟ್ಟು ಬಿಟ್ಟು ನೀರು ಬರುವ ವಾರ್ಡುಗಳನ್ನೂ ಹೋಲಿಸಿದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಿರಂತರ ನೀರಿದ್ದ ಮನೆಗಳಲ್ಲಿ ವಿಷಮಶೀತಜ್ವರ ಕಡಿಮೆಯಿತ್ತೆಂದೂ, ಬಡವರ ಮಕ್ಕಳಲ್ಲಿ ರಕ್ತಭೇದಿ ಕಡಿಮೆಯಿತ್ತೆಂದೂ ತೋರಿಸಿದರು. ನೀರಿನ ಖರ್ಚು ಔಷಧಿಯ ಖರ್ಚಾಗಿ ಬರುತ್ತದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಇವೆಲ್ಲ ಬಾಡಿಗೆಯ ಚೀಟಿಯಲ್ಲಿ ಬರೆದಿರುವುದಿಲ್ಲ.

ಸ್ವಂತ ಮನೆ ಕಟ್ಟಿಸಿದವರ ಪಾಡು ಬೇರೆ. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ತನ್ನ ರೆಪೊ ದರವನ್ನು 4ರಿಂದ 6.5ಕ್ಕೆ ಏರಿಸಿತು. ಇಪ್ಪತ್ತು ಲಕ್ಷ ರೂಪಾಯಿಯನ್ನು ಇಪ್ಪತ್ತು ವರ್ಷದ ಅವಧಿಗೆ ಶೇಕಡಾ 7ರ ಬಡ್ಡಿಯಲ್ಲಿ ಪಡೆದರೆ ತಿಂಗಳ ಕಂತು 15,506 ರೂಪಾಯಿ, ಶೇಕಡಾ 9ಕ್ಕೆ ಅದು 17,995. 2025ರಲ್ಲಿ ದರ ಇಳಿಯಿತು, ನಿಜ. ಏರುವಾಗ ಬ್ಯಾಂಕುಗಳು ತೋರಿಸುವ ಅವಸರ ಇಳಿಸುವಾಗ ಕಾಣದೆಂಬುದು ಕಂತು ಕಟ್ಟುವವರೆಲ್ಲರ ಅನುಭವ.

ಶಿಕ್ಷಣದ ವಿಷಯದಲ್ಲಿ ನಾನು ಕೊಂಚ ಹೆಚ್ಚು ಬರೆದರೆ ಓದುಗರು ಸಹಿಸಬೇಕು. ನಾನು ಮಠದ ಉಚಿತ ಪ್ರಸಾದನಿಲಯದಲ್ಲಿ ಉಂಡು ಓದಿದವನು. ನಮ್ಮ ತಂದೆಯವರು ನನ್ನನ್ನು ಬಿಟ್ಟುಹೋಗುವಾಗ ಸ್ವಾಮಿಗಳ ಮುಂದೆ ಒಂದು ಚೀಲ ಜೋಳ ಇಟ್ಟು ನಮಸ್ಕರಿಸಿದ್ದೇ ನನ್ನ ಶಿಕ್ಷಣಕ್ಕೆ ಮನೆಯಿಂದ ಹೋದ ಶುಲ್ಕ. ಧಾರವಾಡ, ಹುಬ್ಬಳ್ಳಿ, ಗದಗ, ತುಮಕೂರುಗಳ ಮಠಗಳಲ್ಲಿ ಹೀಗೆ ಉಂಡು ಕಲಿತವರು ಎಷ್ಟು ಸಾವಿರವೋ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೆ ನಡೆಸಿದ ಅನ್ನದಾಸೋಹ, ವಿದ್ಯಾದಾಸೋಹಗಳು ನಾಡಿಗೆಲ್ಲ ತಿಳಿದವು. ಅದು ಈಗಲೂ ನಡೆದಿದೆ. ನಗರದಲ್ಲಿ ಮಗನನ್ನು ಓದಿಸಲು ಎಷ್ಟು ಬೇಕಾಗುತ್ತದೆಂಬ ಪ್ರಶ್ನೆಗೆ ಒಂದು ಕಾಲದಲ್ಲಿ ಉತ್ತರ 'ಏನೂ ಬೇಡ, ಕಳುಹಿಸಿರಿ' ಎಂದಿತ್ತು.

ಇಂದು ಶಾಲೆಯ ಮೊದಲ ತರಗತಿಯಿಂದಲೇ ಶುಲ್ಕದ ಕಥೆ ಪ್ರಾರಂಭ. ಶಿಕ್ಷಣ ಹಕ್ಕು ಕಾಯಿದೆಯ ಅಡಿಯಲ್ಲಿ ಖಾಸಗಿ ಶಾಲೆಗಳಲ್ಲಿ ಶೇಕಡಾ 25ರಷ್ಟು ಸ್ಥಾನಗಳು ಬಡ ಮಕ್ಕಳಿಗೆ ಉಚಿತವಾಗಿ ದೊರೆಯುತ್ತಿದ್ದವು. ಸರ್ಕಾರಿ ಅಥವಾ ಅನುದಾನಿತ ಶಾಲೆ ಸಮೀಪದಲ್ಲಿದ್ದರೆ ಖಾಸಗಿ ಶಾಲೆ ಆ ಸ್ಥಾನ ಕೊಡಬೇಕಿಲ್ಲವೆಂದು ರಾಜ್ಯ ಸರ್ಕಾರ ನಿಯಮ ಬದಲಿಸಿದ ಮೇಲೆ, 2019-20ರಿಂದ ನಗರಗಳಲ್ಲಿ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಸರ್ಕಾರಿ ಶಾಲೆಗೆ ಮಕ್ಕಳು ಬರಲಿ ಎಂಬುದು ಅದರ ಆಶಯ. ಆಶಯ ಒಳ್ಳೆಯದೇ. ಆದರೆ ತಂದೆತಾಯಿಗಳು ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳುಹಿಸಲಿಲ್ಲ, ಸಾಲ ಮಾಡಿ ಖಾಸಗಿ ಶಾಲೆಗೇ ಕಳುಹಿಸಿದರು. ಆಂಗ್ಲ ಮಾಧ್ಯಮದ ಮೋಹ ಎಂದು ವೇದಿಕೆಯ ಮೇಲೆ ನಿಂತು ನಿಂದಿಸುವುದು ಸುಲಭ. ನಿಂದಿಸುವವರ ಮೊಮ್ಮಕ್ಕಳು ಎಲ್ಲಿ ಓದುತ್ತಿದ್ದಾರೆಂದು ಕೇಳಿದರೆ ಸಭೆ ಮೌನವಾಗುತ್ತದೆ.

ಕಾಲೇಜು ಮುಗಿದ ಮೇಲೂ ಖರ್ಚು ನಿಲ್ಲದು. ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ಒಮ್ಮೆ ನಡೆದಾಡಿದವರಿಗೆ ನಾನು ವಿವರಿಸಬೇಕಾದದ್ದಿಲ್ಲ. ಪೊಲೀಸು, ತಹಸೀಲ್ದಾರ, ಶಿಕ್ಷಕ ಹುದ್ದೆಗಳ ಪರೀಕ್ಷೆಗೆ ಓದುವ ತರುಣ ತರುಣಿಯರು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರುಗಳಿಂದ ಬಂದು ಅಲ್ಲಿ ನೆಲೆಸಿದ್ದಾರೆ. ಒಂದೊಂದು ಕೋಣೆಗೆ ಮೂರು ನಾಲ್ಕು ಮಂಚ. ತರಬೇತಿಯ ಶುಲ್ಕ, ಕೋಣೆಯ ಬಾಡಿಗೆ, ಮೆಸ್ಸಿನ ಊಟ, ಗ್ರಂಥಾಲಯದ ಆಸನಕ್ಕೂ ತಿಂಗಳ ಬಾಡಿಗೆ. ನೇಮಕಾತಿಯ ಅಧಿಸೂಚನೆ ಒಂದು ವರ್ಷ ತಡವಾದರೆ ಆ ವರ್ಷದ ಖರ್ಚು ಸರ್ಕಾರದ ಲೆಕ್ಕದಲ್ಲಿ ಬರುವುದಿಲ್ಲ. ಇಂಡಿಯಲ್ಲಿಯೋ ಹುನಗುಂದದಲ್ಲಿಯೋ ಇರುವ ಎರಡೆಕರೆ ಹೊಲದ ಮೇಲೆ ಬರುತ್ತದೆ. ಈ ವಿದ್ಯಾರ್ಥಿಗಳ ಬಾಡಿಗೆಯಿಂದ ಮನೆ ಮಾಲೀಕರಿಗೆ ಆದಾಯವಾಗಿದೆ. ಮಾಲೀಕರಲ್ಲಿ ನಮ್ಮ ಸಮಾಜದ ನಿವೃತ್ತರೂ ಇದ್ದಾರೆ. ಆದರೆ ಅದೇ ಓಣಿಯಲ್ಲಿ ಹೆಂಡತಿ ಮಕ್ಕಳೊಡನೆ ಎರಡು ಕೋಣೆಯ ಮನೆ ಹುಡುಕುವ ಗುಮಾಸ್ತನಿಗೆ ಮನೆ ಸಿಗುವುದಿಲ್ಲ. ಒಂದು ಸಂಸಾರ ಕೊಡುವ ಬಾಡಿಗೆಗಿಂತ ಆರು ಮಂಚಗಳ ಬಾಡಿಗೆ ಹೆಚ್ಚು.

ಹುಬ್ಬಳ್ಳಿಯ ಮಗ ಬೆಂಗಳೂರಿಗೆ ಹೋದರೆ ಇದೇ ಕಥೆ ತಿರುಗಿ ನಡೆಯುತ್ತದೆ. ಅಲ್ಲಿ ಅವನದೊಂದು ಒಲೆ, ಇಲ್ಲಿ ತಂದೆತಾಯಿಯರದೊಂದು ಒಲೆ. ಒಂದೇ ಮನೆತನ ಎರಡು ಸಿಲಿಂಡರು, ಎರಡು ಬಾಡಿಗೆ, ಎರಡು ವಿದ್ಯುತ್ ಬಿಲ್ಲು ತೆರುತ್ತದೆ. ಮಗ ಕಳುಹಿಸುವ ಹಣ ಬಂದೊಡನೆ ಔಷಧಿ ಅಂಗಡಿಗೆ ಹೋಗುತ್ತದೆ.

ಕಾಯಿಲೆಯ ಖರ್ಚು ಹೇಳಿ ಬರುವಂಥದಲ್ಲ. ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ 1957ರಿಂದ ಉತ್ತರ ಕರ್ನಾಟಕದ ಬಡವರ ಪಾಲಿಗೆ ದೊಡ್ಡ ಆಸರೆ, ಇಂದಿಗೂ ಹಾಗೆಯೇ. ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಉಳಿದವರಿಗೆ ಪ್ಯಾಕೇಜು ದರದ ಶೇಕಡಾ 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಕಾರ್ಮಿಕ ರಾಜ್ಯವಿಮೆಗೆ 2017ರಲ್ಲಿ ಗೊತ್ತುಪಡಿಸಿದ ಸಂಬಳದ ಮಿತಿ 21,000 ರೂಪಾಯಿ. ಇಪ್ಪತ್ತೆರಡು ಸಾವಿರ ಪಗಾರದವನು ಅದರಿಂದ ಹೊರಗೆ, ಬಿಪಿಎಲ್ ಚೀಟಿಯಿಂದಲೂ ಹೊರಗೆ. ನಮ್ಮ ಸಮಾಜದ ಬಹುಸಂಖ್ಯೆಯ ಕುಟುಂಬಗಳು ಈ ನಡುವಿನ ಪಟ್ಟಿಯಲ್ಲಿಯೇ ಬದುಕುತ್ತಿವೆ. ಸಹಕಾರಿ ಸಂಘಗಳ ಸದಸ್ಯರಿಗಾಗಿ ಇದ್ದ ಯಶಸ್ವಿನಿ ಯೋಜನೆ 2022-23ರಲ್ಲಿ ಮರಳಿ ಜಾರಿಗೆ ಬಂದದ್ದನ್ನು ಎಷ್ಟೋ ಜನ ಗಮನಿಸಿಯೇ ಇಲ್ಲ. ಪತ್ತಿನ ಸಂಘದ ಸದಸ್ಯರಾಗಿದ್ದವರು ನೋಂದಣಿಯ ತಿಂಗಳಲ್ಲಿ ವಿಚಾರಿಸಿಕೊಳ್ಳಬೇಕು. ದಿನವೂ ನುಂಗುವ ಗುಳಿಗೆಗಳಿಗೆ ಜನೌಷಧಿ ಕೇಂದ್ರದಲ್ಲಿ ಕೇಳಿದರೆ ಬಿಲ್ಲು ಎಷ್ಟೋ ಪಾಲು ಇಳಿಯುತ್ತದೆ. ಕಂಪನಿಯ ಹೆಸರಿನ ಬದಲು ಔಷಧದ ಹೆಸರನ್ನು ಬರೆದುಕೊಡಿರೆಂದು ವೈದ್ಯರನ್ನು ಕೇಳಲು ಸಂಕೋಚಪಡಬಾರದು.

ರಾಜ್ಯ ಸರ್ಕಾರ 2023ರಲ್ಲಿ ಜಾರಿಗೆ ತಂದ ಗ್ಯಾರಂಟಿಗಳಿಂದ ಸಂಸಾರಕ್ಕೆ ಸಹಾಯವಾಗಿದೆ. ಇಲ್ಲವೆನ್ನುವುದು ಕೃತಘ್ನತೆ. ಆ ವರ್ಷದ ಜೂನ್‌ನಿಂದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು. ಹೊಲಿಗೆ, ಮನೆಗೆಲಸ, ಅಂಗಡಿ ಕೆಲಸಗಳಿಗೆ ಹೋಗುವ ತಾಯಂದಿರಿಗೆ ಇದು ನೇರವಾಗಿ ಕೈಯಲ್ಲಿ ಉಳಿದ ಹಣ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಯಾರದಾದರೂ ಮನೆಯಲ್ಲಿ ಏನಾಗುತ್ತದೆಂದು ವಿಚಾರಿಸಿದರೆ ಬಹಳ ಸಲ ಮಕ್ಕಳ ಶಾಲೆಯ ವೆಚ್ಚವೆಂದೇ ಉತ್ತರ. ಆದರೆ ಪತಿಯಾಗಲಿ ಪತ್ನಿಯಾಗಲಿ ಆದಾಯ ತೆರಿಗೆ ಅಥವಾ ಜಿಎಸ್‌ಟಿ ತೆರುವವರಾಗಿದ್ದರೆ ಅದು ದೊರೆಯದು. ಉಚಿತ ವಿದ್ಯುತ್ತಿನ ವಿಷಯದಲ್ಲಿ ತಾಯಂದಿರು ಒಂದು ಅಂಶವನ್ನು ನೆನಪಿಡಬೇಕು. 200 ಯೂನಿಟ್ ದಾಟದಿದ್ದರೆ ತಮಗೆ ಗೊತ್ತುಪಡಿಸಿದ ಯೂನಿಟ್ಟಿಗಿಂತ ಹೆಚ್ಚಾದಷ್ಟಕ್ಕೆ ಮಾತ್ರ ಹಣ. 200 ದಾಟಿದರೆ ಬಿಲ್ಲನ್ನು ಪೂರ್ತಿಯಾಗಿ ತೆರಬೇಕು. ನೀರಿನ ಪಂಪು, ಬೇಸಿಗೆಯ ಫ್ಯಾನು ಎರಡೂ ಸೇರಿದ ತಿಂಗಳಲ್ಲಿ ಮೀಟರಿನ ಮೇಲೆ ಕಣ್ಣಿಡುವುದು ಲೇಸು.

ಲಗ್ನಕಾರ್ಯಗಳ ವಿಷಯವನ್ನು ಎತ್ತಿದರೆ ಕೆಲವರಿಗೆ ಅಸಮಾಧಾನವಾಗಬಹುದು. ತಿಂಗಳ ಖರ್ಚನ್ನು ಎಷ್ಟು ಬಿಗಿಹಿಡಿದರೂ ಒಂದು ಮದುವೆ ಹತ್ತು ವರ್ಷಗಳ ಉಳಿತಾಯವನ್ನು ತಿಂದುಹಾಕುತ್ತದೆ. ನಿಶ್ಚಿತಾರ್ಥಕ್ಕೊಂದು ಮಂಟಪ, ಮದುವೆಗೊಂದು ಮಂಟಪ, ಆರತಕ್ಷತೆಗೆ ಇನ್ನೊಂದು. ಛಾಯಾಚಿತ್ರದವನಿಗೆ ಕೊಡುವ ಹಣದಲ್ಲಿ ಮೊದಲು ಊಟದ ಖರ್ಚು ಮುಗಿಯುತ್ತಿತ್ತು. ಮಠಗಳಲ್ಲಿ, ಜಾತ್ರೆಗಳಲ್ಲಿ ಸಾಮೂಹಿಕ ವಿವಾಹ ನಡೆಯುವ ನಾಡು ನಮ್ಮದು. ಅವು ಬಡವರಿಗೆ ಮಾತ್ರ ಎಂಬ ಭಾವನೆ ಹೇಗೆ ಬೇರೂರಿತೋ ತಿಳಿಯದು. ಲಗ್ನಕ್ಕಾಗಿ ಬಂಗಾರ ಅಡವಿಟ್ಟವರು, ವಾರದ ಕಂತಿನ ಸಾಲ ತಂದವರು ಯಾವ ಓಣಿಯಲ್ಲಿಲ್ಲ? ವಸೂಲಿಯ ಕಿರುಕುಳ ಎಷ್ಟರಮಟ್ಟಿಗೆ ಹೋಯಿತೆಂದರೆ ಅದನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಕಾನೂನು ಬಾಗಿಲಿಗೆ ಬಂದು ನಿಂತ ವಸೂಲಿಗಾರನನ್ನು ತಡೆಯಬಹುದು. ಸಾಲಕ್ಕೆ ಕಾರಣವಾದ ಮಂಟಪದ ಬಿಲ್ಲನ್ನು ಅದು ಇಳಿಸಲಾರದು.

ಮಂಟಪಗಳ ಮಾತು ಬಂದುದರಿಂದ ಇನ್ನೊಂದು ವಿಷಯ. ಅವಳಿ ನಗರದಲ್ಲಿ ಸಮಾಜದ ಟ್ರಸ್ಟುಗಳ, ಸಂಘಗಳ ಕಲ್ಯಾಣ ಮಂಟಪಗಳು ಎಷ್ಟೋ ಇವೆ. ಮುಹೂರ್ತವಿಲ್ಲದ ದಿನಗಳಲ್ಲಿ, ಆಷಾಢದಲ್ಲಿ ತಿಂಗಳುಗಟ್ಟಲೆ, ಅವುಗಳ ಬಾಗಿಲಿಗೆ ಕೀಲಿ. ಅಲ್ಲಿಂದ ಅರ್ಧ ಹರದಾರಿಯಲ್ಲಿ ಹಳ್ಳಿಯ ಹುಡುಗ ಓದುವುದಕ್ಕೆ ಒಂದು ಕುರ್ಚಿಗಾಗಿ ತಿಂಗಳ ಬಾಡಿಗೆ ತೆರುತ್ತಿದ್ದಾನೆ. ಕಾರ್ಯವಿಲ್ಲದ ದಿನಗಳಲ್ಲಿ ಊಟದ ಸಭಾಗೃಹವನ್ನು ಓದುವ ಕೋಣೆಯನ್ನಾಗಿ ತೆರೆದರೆ ಬೇಕಾಗುವುದು ಮೇಜು, ದೀಪ, ಕುಡಿಯುವ ನೀರು, ಬೆಳಿಗ್ಗೆ ಕೀಲಿ ತೆಗೆದು ರಾತ್ರಿ ಹಾಕುವ ಒಬ್ಬ ಜವಾಬ್ದಾರಿಯ ಮನುಷ್ಯ. ಮೇಜುಗಳಂತೂ ಪಂಕ್ತಿಯ ಊಟಕ್ಕೆಂದು ಅಲ್ಲಿಯೇ ಇವೆ. ನಮ್ಮ ಓಣಿಯ ಟ್ರಸ್ಟಿನ ಹಿರಿಯರ ಮುಂದೆ ಈ ಸಲಹೆಯನ್ನು ಇಟ್ಟಿದ್ದೇನೆ. ವಿದ್ಯುತ್ ಬಿಲ್ಲು ಯಾರು ಕಟ್ಟುವುದೆಂದು ಒಬ್ಬರು ಕೇಳಿದರು. ತಮ್ಮ ತಂದೆಯವರ ಸ್ಮರಣೆಗಾಗಿ ಒಂದು ವರ್ಷದ ಬಿಲ್ಲು ಕಟ್ಟುವುದಾಗಿ ಅಲ್ಲಿಯೇ ಕುಳಿತಿದ್ದ ಇನ್ನೊಬ್ಬರು ಒಪ್ಪಿಕೊಂಡರು. ಶ್ರಾವಣ ಮುಗಿದ ಮೇಲೆ ಮತ್ತೆ ಸಭೆ ಸೇರೋಣವೆಂದು ಸದ್ಯಕ್ಕೆ ತೀರ್ಮಾನವಾಗಿದೆ.